ಹಳೆಯ ಸೈನಿಕರ ಚಿತ್ರಕ್ಕೆ ಬಣ್ಣ ತುಂಬುವ ಮುನ್ನ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಜುಲು ಜನರಿಗೂ ನಡೆದ 1879ರ ಜುಲು ಯುದ್ಧವನ್ನು ಕುರಿತ ಲೇಖನದ ಜೊತೆಗೆ, ಬ್ರಿಟಿಷ್ ಪದಾತಿ ಸೇನೆಯ 24ನೇ ರೆಜಿಮೆಂಟಿನ ಸೈನಿಕರ ಹಳೆಯ ಛಾಯಾಚಿತ್ರವೊಂದನ್ನು ಬಣ್ಣ ತುಂಬಿಸಿ ಪ್ರಕಟಿಸಲಾಗಿತ್ತು. ಲೇಖನವನ್ನು ನಾನು ಎರಡು ಸಲ ಓದಿದೆ, ಅಷ್ಟು ಚೆನ್ನಾಗಿತ್ತು. ಆದರೆ ಚಿತ್ರದಲ್ಲಿ ಸೈನಿಕರ ಕೋಟು ಕಡುನೀಲಿಯಾಗಿಯೂ ಕಾಲರ್ ಬಿಳಿಯಾಗಿಯೂ ಇದ್ದವು. ಎರಡೂ ತಪ್ಪು. ಆ ವರ್ಷದ ಜನವರಿ 22ರಂದು ಇಸಾಂಡ್ಲ್ವಾನಾದಲ್ಲಿ ಹೋರಾಡಿದ ಆ ರೆಜಿಮೆಂಟಿನವರು ತೊಟ್ಟಿದ್ದು ಕೆಂಪು ಕೋಟು, ಅದರ ಕಾಲರ್ ಮತ್ತು ತೋಳಿನ ತುದಿಯಲ್ಲಿದ್ದದ್ದು ಹುಲ್ಲುಹಸಿರು. ಕಡುನೀಲಿ ಇದ್ದದ್ದು ಅವರ ಪ್ಯಾಂಟಿಗೆ.

ಈ ವಿಷಯವನ್ನು ನಾನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಕಾರಣವಿದೆ. ಇತಿಹಾಸದ ಕಾಳಗಗಳನ್ನು ದಾಳ ಮತ್ತು ಅಳತೆಪಟ್ಟಿ ಹಿಡಿದು ಮೇಜಿನ ಮೇಲೆ ಆಡುವ ಯುದ್ಧದಾಟಕ್ಕಾಗಿ, ಸುಮಾರು 28 ಮಿಲಿಮೀಟರ್ ಎತ್ತರದ ಲೋಹದ ಸೈನಿಕ ಬೊಂಬೆಗಳಿಗೆ ಹಲವು ವರ್ಷಗಳಿಂದ ಬಣ್ಣ ಹಚ್ಚುತ್ತಿದ್ದೇನೆ. ಒಂದು ಬೊಂಬೆಗೆ ಬಣ್ಣ ಹಚ್ಚುವುದು ಒಂದು ಸಂಜೆಯ ಕೆಲಸ. ಯಾವ ಬಣ್ಣ ಹಚ್ಚಬೇಕೆಂದು ಖಚಿತಪಡಿಸಿಕೊಳ್ಳುವುದಕ್ಕೆ ಕೆಲವೊಮ್ಮೆ ತಿಂಗಳೇ ಹಿಡಿಯುತ್ತದೆ. ಈ ಹುಡುಕಾಟದಲ್ಲಿ ನನ್ನಂಥವರು ಮೊದಲು ಆಶ್ರಯಿಸುವುದು ಪತ್ರಿಕೆಗಳಲ್ಲೂ ಪುಸ್ತಕಗಳಲ್ಲೂ ಅಚ್ಚಾದ ಚಿತ್ರಗಳನ್ನೇ. ಒಮ್ಮೆ ಅಚ್ಚಾದ ತಪ್ಪು ಬಣ್ಣ ಮತ್ತೊಬ್ಬರ ಚಿತ್ರಕ್ಕೆ ಆಧಾರವಾಗಿ, ಅಲ್ಲಿಂದ ಮಗದೊಬ್ಬರ ಬೊಂಬೆಗೆ ಇಳಿದು, ಕೊನೆಗೆ ಎಲ್ಲರೂ ಒಪ್ಪಿದ ಸಂಗತಿಯಂತೆ ನೆಲೆಯೂರಿಬಿಡುತ್ತದೆ.

ಕೋಟು ನೀಲಿಯಾದದ್ದು ಹೇಗೆಂದು ನಾನು ಊಹಿಸಬಲ್ಲೆ. 19ನೇ ಶತಮಾನದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದ್ದ ಛಾಯಾಚಿತ್ರದ ಫಲಕಗಳಿಗೆ ನೀಲಿ ಬೆಳಕು ಚೆನ್ನಾಗಿ ತಾಗುತ್ತಿತ್ತು, ಕೆಂಪು ಬೆಳಕು ಬಹುಮಟ್ಟಿಗೆ ತಾಗುತ್ತಲೇ ಇರಲಿಲ್ಲ. ಹೀಗಾಗಿ ಕಡುಗೆಂಪು ಕೋಟು ಚಿತ್ರದಲ್ಲಿ ಕಪ್ಪಗೆ ಮೂಡುತ್ತದೆ, ತಿಳಿನೀಲಿ ಬಟ್ಟೆ ಬಿಳಿಯಂತೆ ಕಾಣುತ್ತದೆ. ಇದನ್ನರಿಯದೆ, ಕಪ್ಪಗಿರುವುದೆಲ್ಲ ಕಡುನೀಲಿಯೋ ಕಪ್ಪೋ ಇರಬೇಕೆಂದು ಕಂಪ್ಯೂಟರು ತುಂಬುವ ಬಣ್ಣ ಬರಿಯ ಊಹೆ. ಕಪ್ಪು ಬಿಳುಪಿನ ಚಿತ್ರ ತನಗೆ ತಿಳಿದಷ್ಟನ್ನು ಮಾತ್ರ ಹೇಳುತ್ತದೆ. ಬಣ್ಣ ತುಂಬಿದ ಚಿತ್ರವಾದರೋ ತಿಳಿಯದ್ದನ್ನೂ ತಿಳಿದಂತೆ ಹೇಳುತ್ತದೆ, ಓದುಗರಿಗೆ ಎರಡರ ನಡುವಣ ಗೆರೆ ಕಾಣುವುದಿಲ್ಲ.

ಕಾಲರ್ ಬಿಳಿಯಾದದ್ದಕ್ಕೆ ಬೇರೆಯೇ ಕಾರಣವಿರಬಹುದು. 1881ರ ಸುಧಾರಣೆಯಲ್ಲಿ ಬ್ರಿಟಿಷ್ ರೆಜಿಮೆಂಟುಗಳ ಹಳೆಯ ಸಂಖ್ಯೆಗಳು ಹೋಗಿ ಪ್ರಾಂತ್ಯಗಳ ಹೆಸರು ಬಂದವು. ಆಗ ಕಾಲರ್ ಮತ್ತು ತೋಳಂಚಿನ ಬಣ್ಣವನ್ನೂ, ಅಂದರೆ ಸೇನೆಯವರು ಫೇಸಿಂಗ್ ಎನ್ನುವುದನ್ನೂ, ಒಂದು ಕಟ್ಟಿಗೆ ತಂದರು: ಇಂಗ್ಲೆಂಡ್ ಮತ್ತು ವೇಲ್ಸಿನವರಿಗೆ ಬಿಳಿ, ಸ್ಕಾಟ್ಲೆಂಡಿನವರಿಗೆ ಹಳದಿ, ಐರ್ಲೆಂಡಿನವರಿಗೆ ಹಸಿರು, ರಾಜಮನೆತನದ ಬಿರುದುಳ್ಳ ರೆಜಿಮೆಂಟುಗಳಿಗೆ ನೀಲಿ. 24ನೇ ರೆಜಿಮೆಂಟು ಸೌತ್ ವೇಲ್ಸ್ ಬಾರ್ಡರರ್ಸ್ ಆಗಿ ಬಿಳಿ ಕಾಲರ್ ತೊಟ್ಟಿತು. ತನ್ನ ಹಳೆಯ ಹಸಿರನ್ನು ಮರಳಿ ಪಡೆದದ್ದು 1905ರಲ್ಲಿ. ಆದ್ದರಿಂದ ಆ ರೆಜಿಮೆಂಟಿನ ಬಿಳಿ ಕಾಲರಿನ ಚಿತ್ರ ಸುಳ್ಳಲ್ಲ, ಅದನ್ನು 1879ಕ್ಕೆ ಅನ್ವಯಿಸುವುದು ತಪ್ಪು. ಸಮವಸ್ತ್ರದ ವಿಚಾರದಲ್ಲಿ ರೆಜಿಮೆಂಟಿನ ಹೆಸರಿಗಿಂತ ಮೊದಲು ಕೇಳಬೇಕಾದದ್ದು ಇಸವಿಯನ್ನು ಎಂದು ನಾನು ಕಲಿತದ್ದೇ, ಇಂಥ ತಪ್ಪೊಂದನ್ನು ಮಾಡಿ ಇಪ್ಪತ್ತನಾಲ್ಕು ಬೊಂಬೆಗಳ ಕಾಲರಿಗೆ ಮತ್ತೆ ಬಣ್ಣ ಹಚ್ಚಿದ ಮೇಲೆ.

ಇಸವಿ ಗೊತ್ತಾದರೂ ಕೆಲಸ ಮುಗಿಯುವುದಿಲ್ಲ. ನಿಯಮದ ಪುಸ್ತಕ ಹೇಳುವುದು ಒಂದು, ರಣರಂಗದಲ್ಲಿ ತೊಟ್ಟದ್ದು ಮತ್ತೊಂದು. ಜುಲು ನಾಡಿನಲ್ಲಿ ಸೈನಿಕರು ತಮ್ಮ ಬಿಳಿ ಹೆಲ್ಮೆಟ್ಟಿನ ಮುಂಭಾಗದ ಹಿತ್ತಾಳೆಯ ಫಲಕ ಕಿತ್ತಿಟ್ಟು, ದೂರದಿಂದ ಎದ್ದು ಕಾಣದಿರಲೆಂದು ಹೆಲ್ಮೆಟ್ಟನ್ನು ಚಹಾದಲ್ಲೋ ಮಣ್ಣಿನಲ್ಲೋ ಕಂದಾಗಿಸಿಕೊಳ್ಳುತ್ತಿದ್ದರು. ಕೆಂಪಿನಲ್ಲೂ ಒಂದೇ ಕೆಂಪಿಲ್ಲ. 19ನೇ ಶತಮಾನದ ಮೊದಲರ್ಧದಲ್ಲಿ ಅಧಿಕಾರಿಗಳ ಕೋಟಿಗೆ ಕೊಚಿನೀಲ್ ಎಂಬ ಕೀಟದಿಂದ ತೆಗೆದ ಉಜ್ವಲ ಕೆಂಪು, ಸಾಮಾನ್ಯ ಸೈನಿಕರ ಕೋಟಿಗೆ ನಮ್ಮ ಮಂಜಿಷ್ಠದ ಜಾತಿಯದೇ ಆದ ಗಿಡದ ಬೇರಿನಿಂದ ತೆಗೆದ ಇಟ್ಟಿಗೆಗೆಂಪು. ಒಂದೇ ಸಾಲಿನಲ್ಲಿ ನಿಂತ ಬೊಂಬೆಗಳಿಗೆ ಈ ಎರಡು ಕೆಂಪನ್ನು ಬೇರೆಬೇರೆಯಾಗಿ ಹಚ್ಚಿದಾಗ, ಯಾರು ಯಾರ ಆಜ್ಞೆಯಲ್ಲಿದ್ದರೆಂಬುದು ಪಟ್ಟಿ ಬಿಲ್ಲೆಗಳನ್ನು ನೋಡುವ ಮೊದಲೇ ಕಣ್ಣಿಗೆ ತಿಳಿಯುತ್ತದೆ.

ಖಾಕಿಯ ಕಥೆ ಇನ್ನೂ ತೊಡಕಿನದು. ಧೂಳು ಎಂಬರ್ಥದ ಖಾಕ್ ಎಂಬ ಪಾರಸಿ ಪದದಿಂದ ಬಂದ ಈ ಬಣ್ಣವನ್ನು ಮೊದಲು ತೊಟ್ಟವರು, 1846ರಲ್ಲಿ ಬ್ರಿಟಿಷ್ ಅಧಿಕಾರಿ ಹ್ಯಾರಿ ಲಮ್ಸ್‌ಡೆನ್ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಎಂಬ ದಳದವರು. 1857ರ ದಂಗೆಯ ಕಾಲದಲ್ಲಿ ಹಲವು ಬ್ರಿಟಿಷ್ ತುಕಡಿಗಳು ತಮ್ಮ ಬಿಳಿ ಬಟ್ಟೆಗೆ ಚಹಾ, ಮಣ್ಣು, ಶಾಯಿ ಹೀಗೆ ಕೈಗೆ ಸಿಕ್ಕಿದ್ದರಿಂದ ಬಣ್ಣ ಕಟ್ಟಿದವು. ಪರಿಣಾಮವಾಗಿ ಒಬ್ಬನದು ಬೂದು, ಮತ್ತೊಬ್ಬನದು ಕಂದು. ಒಗೆದರೂ ಬಿಡದ ಖಾಕಿ ಬಂದದ್ದು 1880ರ ದಶಕದಲ್ಲಿ. 1857ರ ತುಕಡಿಯೊಂದಕ್ಕೆ ಒಂದೇ ಡಬ್ಬಿಯ ಖಾಕಿ ಬಳಿದರೆ ಅದು ಅಚ್ಚುಕಟ್ಟಾಗಿ ಕಾಣುತ್ತದೆ, ನಿಜವಾಗಿ ಕಾಣುವುದಿಲ್ಲ.

ಇಲ್ಲಿ ನಮ್ಮ ಹವ್ಯಾಸದವರ ಬಗ್ಗೆಯೂ ಒಂದು ಮಾತು ಹೇಳಬೇಕು. ಕೆಂಪು ಕೋಟಿನವನ ಗುಂಡಿ ಎಣಿಸುವ ನಾವು, ಅವನ ಪಕ್ಕದಲ್ಲೂ ಎದುರಿನಲ್ಲೂ ನಿಂತವರಿಗೆ ಅಷ್ಟೇ ಶ್ರಮ ಕೊಟ್ಟಿಲ್ಲ. ಜುಲು ಪಡೆಗಳಿಗೆ ಗುರಾಣಿಯ ತೊಗಲಿನ ಬಣ್ಣವೇ ಗುರುತಾಗಿತ್ತು, ಆ ತೊಗಲು ಅರಸನ ಹಿಂಡಿನ ದನಗಳದ್ದು. ಜುಲು ನಾಡಿನ ಪಕ್ಕದ ಬ್ರಿಟಿಷ್ ವಸಾಹತಾದ ನೇಟಾಲಿನಿಂದ ಬಂದು ಬ್ರಿಟಿಷರ ಪರ ಹೋರಾಡಿದ ಸ್ಥಳೀಯ ಪಡೆಯ ಬಹುತೇಕರಿಗೆ ಸಮವಸ್ತ್ರವೆಂದು ಸಿಕ್ಕಿದ್ದು ತಲೆಗೆ ಕಟ್ಟಿಕೊಳ್ಳುವ ಒಂದು ಕೆಂಪು ಬಟ್ಟೆ. ಇವೂ ದಾಖಲೆಯಲ್ಲಿರುವ ಸಂಗತಿಗಳೇ.

ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ಸಿಪಾಯಿಗಳ ರುಮಾಲಿನ ಬಗ್ಗೆಯಂತೂ ಯಾರೂ ಉದಾಸೀನ ತೋರುವಂತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಕಂಪನಿಯ ಸೇನೆಯಲ್ಲಿದ್ದ ಸಿಪಾಯಿಯನ್ನೂ 1806ರಲ್ಲಿ ವೆಲ್ಲೂರಿನ ಕೋಟೆಯಲ್ಲಿದ್ದ ಸಿಪಾಯಿಯನ್ನೂ ಒಂದೇ ಬೊಂಬೆಯಿಂದ ತೋರಿಸಲು ಬರುವುದಿಲ್ಲ. 1805ರ ನವೆಂಬರಿನಲ್ಲಿ ಮದರಾಸಿನ ಸೇನಾಪತಿ ಸರ್ ಜಾನ್ ಕ್ರಾಡಕ್ ಹೊರಡಿಸಿದ ಆಜ್ಞೆಯಂತೆ ಹಳೆಯ ರುಮಾಲು ಹೋಗಿ, ಚರ್ಮದ ಬಿಲ್ಲೆಯುಳ್ಳ, ಯುರೋಪಿಯನ್ನರ ಟೋಪಿಯನ್ನು ಹೋಲುವ ಹೊಸ ಶಿರಸ್ತ್ರಾಣ ಬಂತು. ಕವಾಯತಿಗೆ ನಿಂತಾಗ ಹಣೆಯ ಮೇಲೆ ನಾಮ ವಿಭೂತಿಗಳು ಇರಕೂಡದು, ಕಿವಿಯಲ್ಲಿ ಓಲೆ ಇರಕೂಡದು, ಗಡ್ಡ ಬೋಳಿಸಬೇಕು. 1806ರ ಮೇ ತಿಂಗಳಲ್ಲಿ ಹೊಸ ಶಿರಸ್ತ್ರಾಣವನ್ನು ನಿರಾಕರಿಸಿದವರಲ್ಲಿ ಇಬ್ಬರಿಗೆ ತಲಾ ಒಂಬೈನೂರು ಛಡಿಯೇಟು ವಿಧಿಸಲಾಯಿತು. ಜುಲೈ 10ರ ನಸುಕಿನಲ್ಲಿ ಸಿಪಾಯಿಗಳು ಬಂಡೆದ್ದರು. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದುದು ಮೊದಲಾದ ಬೇರೆ ಕಾರಣಗಳೂ ಇದ್ದವು. ಆದರೂ ಆ ಆಜ್ಞೆಯನ್ನು ಕಂಪನಿ ಹಿಂತೆಗೆದುಕೊಳ್ಳಬೇಕಾಯಿತು, ಗವರ್ನರ್ ವಿಲಿಯಂ ಬೆಂಟಿಂಕ್ ಮತ್ತು ಕ್ರಾಡಕ್ ಇಬ್ಬರನ್ನೂ ವಾಪಸು ಕರೆಸಿಕೊಳ್ಳಲಾಯಿತು. ಆ ಶಿರಸ್ತ್ರಾಣವನ್ನು ಬೊಂಬೆಯ ತಲೆಯ ಮೇಲೆ ಬಿಡಿಸುವಾಗ ನನ್ನ ಕುಂಚ ತಾನಾಗಿ ನಿಧಾನವಾಗುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹಳೆಯ ಸೈನಿಕರ ಚಿತ್ರವನ್ನು ಪ್ರಕಟಿಸುವಾಗ ಅದು ಯಾವ ಇಸವಿಯದು, ತೆಗೆದವರು ಅಥವಾ ಬರೆದವರು ಯಾರು, ಮೂಲ ಯಾವ ಸಂಗ್ರಹದಲ್ಲಿದೆ ಎಂಬುದನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಕೊಡಬೇಕು. ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ, ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸೇನಾ ಚಿತ್ರಸಂಗ್ರಹ ಇವು ತಮ್ಮಲ್ಲಿರುವ ಎಷ್ಟೋ ಚಿತ್ರಗಳನ್ನು ಇಂಥ ವಿವರಗಳೊಂದಿಗೆ ಅಂತರ್ಜಾಲದಲ್ಲಿ ತೆರೆದಿಟ್ಟಿರುವುದರಿಂದ ಇದು ಕಷ್ಟದ ಕೆಲಸವೇನಲ್ಲ. ಚಿತ್ರ ಯುದ್ಧದ ಎಷ್ಟೋ ವರ್ಷಗಳ ನಂತರ ಬರೆದದ್ದಾದರೆ ಅದನ್ನೂ ತಿಳಿಸಬೇಕು. ಚಿತ್ರಕಾರ ಸರ್ ಡೇವಿಡ್ ವಿಲ್ಕಿ ಟಿಪ್ಪುವಿನ ದೇಹ ಪತ್ತೆಯಾದ ಸನ್ನಿವೇಶವನ್ನು ಬರೆದು ಮುಗಿಸಿದ್ದು 1839ರಲ್ಲಿ, ಅಂದರೆ ಘಟನೆಯ ನಲವತ್ತು ವರ್ಷಗಳ ಮೇಲೆ. ಅದನ್ನು ಕಂಡವನ ಸಾಕ್ಷಿಯೆಂದು ಓದಲಾಗದು. ಬಣ್ಣವನ್ನು ನಂತರ ತುಂಬಿದ್ದರೆ ಹಾಗೆಂದು ಬರೆದು, ಮೂಲ ಚಿತ್ರವನ್ನೂ ಪಕ್ಕದಲ್ಲಿ ಸಣ್ಣದಾಗಿಯಾದರೂ ಕೊಡಬೇಕು.

ಸದ್ಯಕ್ಕೆ, ಕಳೆದ ವಾರದ ಚಿತ್ರದಲ್ಲಿದ್ದ ಸೈನಿಕರ ಕೋಟು ಕೆಂಪು, ಕಾಲರ್ ಹಸಿರು ಎಂಬ ತಿದ್ದುಪಡಿಯನ್ನು ಮುಂದಿನ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ