ಭಾನುವಾರದ ಹರಟೆಗೆ: ಓಜಿ-ಕ್ರೀ ಜನರು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಕೆನಡಾದ ಮೂಲನಿವಾಸಿಗಳಾದ ಓಜಿ-ಕ್ರೀ ಜನರ ಬಗ್ಗೆ ಮಾತಾಡೋಣ. ಒಂಟಾರಿಯೊದ ಉತ್ತರ ಭಾಗ, ಮ್ಯಾನಿಟೋಬಾದ ಐಲ್ಯಾಂಡ್ ಲೇಕ್ ಸುತ್ತ ಇವರ ಊರುಗಳಿವೆ. ಎಷ್ಟೋ ಊರಿಗೆ ವರ್ಷದ ಬಹುಪಾಲು ವಿಮಾನವೇ ಗತಿ. ಚಳಿಗಾಲದಲ್ಲಿ ಮಾತ್ರ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಲಾರಿಗಳು ಓಡುತ್ತವೆ.

ನನಗೆ ಜಾಸ್ತಿ ಹಿಡಿಸಿದ್ದು ಇವರ ಲಿಪಿ. 1840ರಲ್ಲಿ ಕ್ರೀ ಎಂಬ ಇನ್ನೊಂದು ಮೂಲನಿವಾಸಿ ಜನರ ನುಡಿಗೆಂದು ಬಳಕೆಗೆ ಬಂದದ್ದು. ಕಾಗುಣಿತದಲ್ಲಿ ನಾವು ಕೊಂಬು, ಗುಡಿಸು ಸೇರಿಸುತ್ತೇವೆ ಅಲ್ವಾ? ಅಲ್ಲಿ ಅಕ್ಷರವನ್ನೇ ತಿರುಗಿಸುತ್ತಾರೆ! ಬಾಣದ ತುದಿಯಂಥ ಒಂದೇ ಗುರುತು. ಮೊನೆ ಮೇಲಿದ್ದರೆ ‘ಪಿ’, ಕೆಳಗಿದ್ದರೆ ‘ಪೇ’, ಬಲಕ್ಕಿದ್ದರೆ ‘ಪೊ’, ಎಡಕ್ಕಿದ್ದರೆ ‘ಪ’.

ಹಾಗೇ, ತಮ್ಮ ನುಡಿಯನ್ನು ಅವರು ಕರೆಯುವುದು ಅನಿಶಿನಿನೀಮೊವಿನ್ ಅಂತ. ಸುಮ್ನೆ ಒಂದೆರಡು ಸಲ ಹೇಳಿ ನೋಡಿ. ಬರುವಾಗ ಕಾಗದ, ಪೆನ್ನು ಇಟ್ಟುಕೊಂಡಿರಿ.