ಅಜ್ಜಿನ ಪೊಲೀಸ್ ಹಿಡೀತಾರಾ?

ನಮಸ್ಕಾರ. ಈಗ ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಎಂಟಕ್ಕೆ ನಮ್ಮ ಸಂಘದ ಈ ಪತ್ರಿಕೆ ಪ್ರಿಂಟಿಗೆ ಹೋಗಬೇಕು. ಸಂಪಾದಕೀಯಕ್ಕೆ ಅಂತ ಬಿಟ್ಟ ಪುಟ ಹತ್ತು ದಿನದಿಂದ ಖಾಲಿ ಕೂತಿದೆ. ದೀಪಾವಳಿ, ಬೆಳಕು, ಕತ್ತಲೆ ಅಂತ ಏನೋ ಬರೆದು ಮುಗಿಸೋಣ ಅಂದುಕೊಂಡಿದ್ದೆ. ಕಳೆದ ವರ್ಷವೂ ಅದನ್ನೇ ಬರೆದಿದ್ದೆ, ಯಾರೂ ಓದಿದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಮಲಗಲು ಹೋಗಿದ್ದ ಮಗಳು ಎದ್ದು ಬಂದು ಕೇಳಿದಳು.

"ಅಮ್ಮಾ, ಅಜ್ಜಿನ ಪೊಲೀಸ್ ಹಿಡ್ಕೊಂಡು ಹೋಗ್ತಾರಾ?"

ಅವಳಿಗೆ ಏಳು ವರ್ಷ. ಅಡುಗೆಮನೆಯಲ್ಲಿ ಉಳಿದದ್ದನ್ನು ಕೋಳಿಗೆ ಹಾಕುವುದು ಇಲ್ಲಿ ಇಂಗ್ಲೆಂಡಿನಲ್ಲಿ ತಪ್ಪು ಅಂತ ಯಾರೋ ಗೆಳತಿ ಹೇಳಿದ್ದಾಳೆ. ನಿಜವೇ. ಒಬ್ಬಿಬ್ಬರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಹಿತ್ತಲಲ್ಲಿ ಮೂರೇ ಕೋಳಿ ಇದ್ದರೂ ಇದೇ ನಿಯಮ. ನನ್ನ ಅಮ್ಮ ಮೇ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯಿಂದ ಆರು ತಿಂಗಳ ವೀಸಾದಲ್ಲಿ ಬಂದವಳು. ಬಂದ ಮಾರನೇ ದಿನವೇ ತಂಗಳನ್ನದ ಪಾತ್ರೆ ಹಿಡಿದು "ಬಾ ಬಾ ಬಾ" ಅಂತ ಹೊರಟಿದ್ದಳು. ನಾನು ನಿಯಮ ಹೇಳಿದೆ. ಕೇಳಬೇಕಲ್ಲ! ಅನ್ನ ಬಿಸಾಡುವವರ ಮನೆ ಉದ್ಧಾರ ಆಗಲ್ಲ ಅಂದಳು. ಊರಲ್ಲಿ ಉಳಿದದ್ದು ನಾಯಿಗೆ, ಚೆಲ್ಲಿದ್ದು ಕೋಳಿಗೆ, ತೊಳೆದದ್ದು ಅಕ್ಕಚ್ಚಿನ ಬಾನಿಗೆ. ಬಿಸಾಡಲು ಏನೂ ಉಳಿಯುತ್ತಲೇ ಇರಲಿಲ್ಲ. ಇಲ್ಲಿ ನಮ್ಮ ಮನೆ ಮುಂದೆ ಮೂರು ಬಣ್ಣದ ಡಬ್ಬಗಳಿವೆ.

ಕೊನೆಗೆ ಕಾರಣ ಹೇಳಿದೆ. 2001ರಲ್ಲಿ ಈ ದೇಶಕ್ಕೆ ಕಾಲುಬಾಯಿ ರೋಗ ಬಂದು ಲಕ್ಷಗಟ್ಟಲೆ ದನ, ಕುರಿ ಕೊಂದು ಸುಡಬೇಕಾಯಿತು. ಸರಿಯಾಗಿ ಬೇಯಿಸದ ಎಂಜಲನ್ನು ಹಂದಿಗಳಿಗೆ ಹಾಕಿದ್ದರಿಂದ ಶುರುವಾಯಿತು ಅಂತ ಗೊತ್ತಾಗಿ, ಆಮೇಲೆ ಬಿಗಿ ಮಾಡಿದರು. ಕಾಲುಬಾಯಿ ಅಂದ ಕೂಡಲೇ ಅಮ್ಮನ ಮುಖ ಬದಲಾಯಿತು. ನಮ್ಮ ಕೊಟ್ಟಿಗೆಗೂ ಒಂದು ಸಲ ಬಂದಿತ್ತು. "ಮೊದಲೇ ಹೇಳೋದಲ್ವಾ ಮಾರಾಯ್ತಿ" ಅಂದು ಪಾತ್ರೆ ಕೆಳಗಿಟ್ಟಳು. ತೋಟದಿಂದ ನೇರ ಕಿತ್ತ ಎಲೆ ಹಾಕಬಹುದು, ಅದೇ ಎಲೆ ನಮ್ಮ ಅಡುಗೆಮನೆ ಹೊಕ್ಕು ಬಂದರೆ ಹಾಕಬಾರದು ಅಂತ ವಿವರಿಸಿದೆ. "ಮೈಲಿಗೆ ಆಗುತ್ತೆ ಅನ್ನು" ಅಂದಳು. ಇಷ್ಟು ಸುಲಭವಾಗಿ ಈ ನಿಯಮವನ್ನು ಯಾರೂ ಅರ್ಥ ಮಾಡಿಕೊಂಡಿರಲಿಕ್ಕಿಲ್ಲ.

ಇನ್ನೊಂದು ನಿಯಮ ಮಾತ್ರ ಅವಳಿಗೆ ಒಪ್ಪಿಗೆಯಾಗಿಲ್ಲ. 2024ರ ಅಕ್ಟೋಬರ್ 1ರಿಂದ ಇಲ್ಲಿ ಒಂದೇ ಒಂದು ಕೋಳಿ ಸಾಕಿದರೂ ಸರ್ಕಾರಕ್ಕೆ ಬರೆದು ಕೊಡಬೇಕು. ಹಕ್ಕಿಜ್ವರದ ಕಾರಣಕ್ಕೆ. "ಎಷ್ಟು ಕೋಳಿ ಇದೆ ಅಂತ ಊರಿಗೆಲ್ಲ ಹೇಳಿದ್ರೆ ದೃಷ್ಟಿಯಾಗಲ್ವಾ?" ಅಂತ ಈಗಲೂ ಗೊಣಗುತ್ತಾಳೆ.

ಪೊಲೀಸ್ ಬರಲ್ಲ ಅಂತ ಮಗಳನ್ನು ಮಲಗಿಸಲು ಊರಿನ ನಮ್ಮ ನಾಯಿ ಟೈಗರ್‌ನ ಕಥೆ ಹೇಳಬೇಕಾಯಿತು. ನಿಮಗೂ ಹೇಳುತ್ತೇನೆ. ಪುಟ ಹೇಗೂ ಖಾಲಿ ಇದೆ.

ನಾನು ಆರನೇ ಕ್ಲಾಸು. ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮ ಒಂಟಿ ಮನೆ. ಆರಿದ್ರಾ ಮಳೆ ಹಿಡಿದುಕೊಂಡಿತ್ತು. (ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಬೀಳುತ್ತೆ. ಲಂಡನ್ನಿನಲ್ಲಿ 600ರ ಆಸುಪಾಸು. ಇಲ್ಲಿಯ ಮಳೆ ನೋಡಿ ಅಮ್ಮ ಹಪ್ಪಳ ಒಣಗಿಸಬಹುದು ಅಂದಿದ್ದಾಳೆ.) ಮನೆಯಲ್ಲಿ ಒಂದು ಚುಕ್ಕಿ ಹೇಂಟೆ ಇತ್ತು. ಕಳ್ಳ ಕೋಳಿ ಅದು. ಒಡ್ಡಿಯಲ್ಲಿ ಮೊಟ್ಟೆ ಇಡುತ್ತಿರಲಿಲ್ಲ, ಎಲ್ಲಿ ಇಡುತ್ತೆ ಅಂತ ತೋರಿಸುತ್ತಲೂ ಇರಲಿಲ್ಲ. ಬಸಳೆ ಚಪ್ಪರದ ಬುಡ, ಕೆಸುವಿನ ಗುಂಪು, ದರಗಿನ ರಾಶಿ, ಎಲ್ಲ ಹುಡುಕಿಯಾಯಿತು. ಒಂದು ದಿನ ಕೋಳಿಯೇ ಕಾಣೆ.

ಅದೇ ದಿನ ಜಗಲಿ ಕೆಳಗೆ ಟೈಗರ್ ಮುಂದೆ ಒಡೆದ ಮೊಟ್ಟೆ ಚಿಪ್ಪು ಸಿಕ್ಕಿತು. ಅಲ್ಲಿಗೆ ತೀರ್ಪು ಬಂತು. ಮೊಟ್ಟೆ ರುಚಿ ಹತ್ತಿ ಈಗ ಕೋಳಿಯನ್ನೂ ತಿಂದಿದೆ ಅಂತ ಅಮ್ಮ ಹಿಡಿಸೂಡಿ ತಗೊಂಡಳು. ಬೇಯಿಸಿದ ಬಿಸಿ ಮೊಟ್ಟೆ ಬಾಯಿಗೆ ತುರುಕಿದರೆ ಜನ್ಮದಲ್ಲಿ ಮುಟ್ಟಲ್ಲ ಅಂತ ಕೆಳಗಿನ ಮನೆಯವರು ಉಪಾಯ ಕೊಟ್ಟರು. ಅಪ್ಪ ಅದು ಬೇಡವೇ ಬೇಡ ಅಂದರು. ಚಿರತೆ ಭಯಕ್ಕೆ ಟೈಗರ್ ರಾತ್ರಿ ಹೊತ್ತು ಹೇಗೂ ಒಳಗೇ ಇರುತ್ತಿದ್ದ. ಈಗ ಹಗಲೂ ಸರಪಳಿ ಬಿತ್ತು. ನಾಯಿ ಕಟ್ಟಿದ್ದು ಮುಂಗುಸಿಗೆ ಗೊತ್ತಾಗಲು ನಾಲ್ಕು ದಿನ ಸಾಕಾಯಿತು. ಇನ್ನೊಂದು ಕೋಳಿಯ ಎರಡು ಮರಿ ಹೋದವು. ಟೈಗರ್ ಸರಪಳಿ ಎಳೆದು ಬೊಗಳಿದ್ದೇ ಬೊಗಳಿದ್ದು. "ಕಳ್ಳ, ಸುಮ್ನಿರು" ಅಂತ ಅಮ್ಮ ಒಳಗಿನಿಂದಲೇ ಗದರಿದಳು.

ಕೋಳಿ ಕಾವು ಕೂತರೆ ಮರಿಯಾಗಲು 21 ದಿನ. ಆ ಲೆಕ್ಕ ಅಮ್ಮನಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಸಿಟ್ಟಿನಲ್ಲಿ ಯಾರಿಗೆ ಲೆಕ್ಕ ನೆನಪಾಗುತ್ತೆ? ಪುಷ್ಯ ಮಳೆ ಹುಟ್ಟಿ ಎರಡು ದಿನ ಆಗಿತ್ತು. ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾದಾಗ ಸೌದೆ ಕೊಟ್ಟಿಗೆಯಿಂದ ಚುಕ್ಕಿ ಹೇಂಟೆ ಪುಕ್ಕ ಕೆದರಿಕೊಂಡು ಹೊರಗೆ ಬಂತು. ಒಣಗಿ ಕಡ್ಡಿಯಾಗಿತ್ತು. ಹಿಂದೆ ಒಂಬತ್ತು ಮರಿ. ಸೌದೆ ರಾಶಿಯ ಹಿಂದೆ, ಹಳೇ ಗೋಣಿಚೀಲದ ಮೇಲೆ ಕೂತಿದ್ದಂತೆ ಮಹಾರಾಯ್ತಿ.

ಅಮ್ಮ ಎರಡು ಸಲ ಮರಿ ಎಣಿಸಿದಳು. ಏನೂ ಮಾತಾಡದೆ ಹೋಗಿ ಸರಪಳಿ ಬಿಚ್ಚಿದಳು. ಒಳಗೆ ಹೋಗಿ ಕಾವಲಿ ಮೇಲಿದ್ದ ಅಕ್ಕಿರೊಟ್ಟಿ ತಂದು, ಆರಲಿ ಅಂತ ಊದಿ, ಟೈಗರ್ ಮುಂದೆ ಇಟ್ಟಳು. ನಮಗೆ ಬಡಿಸುವ ಮೊದಲೇ. ಅವನು ರೊಟ್ಟಿ ಬಿಟ್ಟು ನೇರ ಮರಿಗಳನ್ನು ಮೂಸಲು ಹೋದ. ಹೇಂಟೆ ಮೂಗಿನ ಮೇಲೆ ಸರಿಯಾಗಿ ಕುಕ್ಕಿತು. ವಾಪಸ್ಸು ಬಂದು, ಸರಪಳಿ ಇಲ್ಲದಿದ್ದರೂ ಕಟ್ಟಿದ ಜಾಗದಲ್ಲೇ ಕೂತುಕೊಂಡು ರೊಟ್ಟಿ ತಿಂದ.

ಆ ಒಡೆದ ಚಿಪ್ಪು ಎಲ್ಲಿಂದ ಬಂತು ಅನ್ನೋದು ಇವತ್ತಿಗೂ ಇತ್ಯರ್ಥವಾಗಿಲ್ಲ. ಅಮ್ಮ ಕಾಗೆ ಅಂತಾಳೆ. ನಾನು ಸುಮ್ಮನಿರುತ್ತೇನೆ.

"ಅಜ್ಜಿ ಟೈಗರ್‌ಗೆ ಸಾರಿ ಹೇಳಿದ್ರಾ?" ಅಂತ ಮಗಳು ಕೇಳಿದಳು. ಪಕ್ಕದ ಕೋಣೆಯಿಂದ ಉತ್ತರ ಬಂತು: "ರೊಟ್ಟಿ ಕೊಟ್ಟೆನಲ್ಲ!"

ಇಲ್ಲಿಯ ನಮ್ಮ ಮೂರು ಕೋಳಿ ಕಾವು ಕೂರುವ ಜಾತಿಯಲ್ಲ. ಮೊಟ್ಟೆಗೆ ಅಂತಲೇ ಮಾಡಿದ ತಳಿ, ಕಾವಿನ ಬುದ್ಧಿಯನ್ನೇ ತೆಗೆದುಬಿಟ್ಟಿದ್ದಾರೆ. ಹುಂಜ ಸಾಕಿದರೆ ಪಕ್ಕದವರಿಗೆ ನಿದ್ದೆ ಇಲ್ಲ. ಈಗ ಹಗಲು ಗಿಡ್ಡವಾದ ಮೇಲೆ ಮೊಟ್ಟೆಯೂ ವಾರಕ್ಕೆ ನಾಲ್ಕಕ್ಕೆ ಇಳಿದಿದೆ. ಮೂರೂ ಸೇರಿ. ನರಿ ಬರುತ್ತೆ ಅಂತ ಅಮ್ಮ ರಾತ್ರಿ ಎರಡು ಸಲ ಟಾರ್ಚ್ ಹಿಡಿದು ಗೂಡಿನ ಚಿಲಕ ನೋಡಿ ಬರುತ್ತಾಳೆ. ಪಕ್ಕದ ಮನೆ ಲ್ಯಾಬ್ರಡಾರ್ ಬೇಲಿಯ ಆ ಕಡೆ ಅವಳ ಜೊತೆಗೇ ನಡೆಯುತ್ತೆ. "ಕ್ರೂ ಕ್ರೂ" ಅಂದರೆ ಸಾಕು, ಅದಕ್ಕೆ ಕನ್ನಡ ಬರುತ್ತೆ. ನಮ್ಮ ಮಕ್ಕಳಿಗಿಂತ ಜಾಸ್ತಿ ಅನ್ನಲ್ಲ, ಬೇಜಾರು ಮಾಡಿಕೊಳ್ಳುತ್ತೀರಿ.

ಅಯ್ಯೋ, ಪ್ರಕಟಣೆಗಳು. ದೀಪಾವಳಿ ಊಟ ಶನಿವಾರ ಸಂಜೆ ಐದಕ್ಕೆ, ಹಳೇ ಹಾಲ್‌ನಲ್ಲೇ. ಒಂಬತ್ತಕ್ಕೆ ಬೀಗ ಕೊಡಬೇಕು, ಕುರ್ಚಿ ಜೋಡಿಸಿಟ್ಟು ಹೋಗಿ. ಈ ಸಲ ಮಲೆನಾಡಿನ ಊಟ: ಕಡುಬು, ಕೋಳಿ ಸಾರು, ಕಾಳಿನ ಸಾರು. ಎರಡು ಸಾರಿಗೂ ಪಾತ್ರೆ ಬೇರೆ, ಸೌಟು ಬೇರೆ. ಹೋದ ವರ್ಷದ ಜಗಳ ಸಾಕು. (ಕೋಳಿ ಅಂಗಡಿಯದು. ಮಗಳು ಇದನ್ನು ಬರೆಯಲೇಬೇಕು ಅಂದಿದ್ದಾಳೆ.) ದೊಡ್ಡ ಇಡ್ಲಿ ಪಾತ್ರೆ ಇರುವವರು ದಯವಿಟ್ಟು ತನ್ನಿ. ರಾಜ್ಯೋತ್ಸವಕ್ಕೆ ಮಕ್ಕಳ ನಾಡಗೀತೆ ಅಭ್ಯಾಸ ಪ್ರತಿ ಬುಧವಾರ. ಎರಡೂವರೆ ನಿಮಿಷದಲ್ಲಿ ಮುಗಿಯಬೇಕು, ನಮ್ಮವರು ಇನ್ನೂ ನಾಲ್ಕರಲ್ಲಿದ್ದಾರೆ. ಸದಸ್ಯತ್ವದ ಹಣ ಬಾಕಿ ಇರುವವರಿಗೆ ಗೊತ್ತಿದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ, ಮರೆಯಬೇಡಿ.

ಮತ್ತೆ, ಈ ಪತ್ರಿಕೆ. ಮೂರು ವರ್ಷದಿಂದ ಬರವಣಿಗೆ, ಟೈಪಿಂಗ್, ಪ್ರೂಫ್, ಅಂಚೆ ಎಲ್ಲ ಒಬ್ಬಳೇ. ತನ್ನ ಹುಂಜ ಕೂಗಿದರೇ ಬೆಳಗಾಗೋದು ಅಂದುಕೊಂಡ ಅಜ್ಜಿ ನಾನಲ್ಲ. ನಾನು ಕೂಗದಿದ್ದರೂ ಬೆಳಗಾಗುತ್ತೆ ಅಂತ ಯಾರಾದರೂ ತೋರಿಸಿಕೊಡಿ, ಪ್ಲೀಸ್. ಕನಿಷ್ಠ ಪ್ರೂಫ್ ನೋಡುವವರು ಒಬ್ಬರು.

ಅಮ್ಮ ಹಬ್ಬ ಮುಗಿಸಿ ಹೊರಡುತ್ತಾಳೆ. ಊರಿನಿಂದ ಡೇರೆ ಹೂವಿನ (ಡಾಲಿಯಾ) ಗೆಡ್ಡೆ ತರುತ್ತೇನೆ ಅಂದಿದ್ದಳು. ವಿಮಾನದಲ್ಲಿ ಹಾಗೆಲ್ಲ ತರುವಂತಿಲ್ಲ ಅಂತ ತಡೆದು ಇಲ್ಲಿಯ ಅಂಗಡಿಯಿಂದಲೇ ಕೊಡಿಸಿದೆ. ಬೇಲಿ ಉದ್ದಕ್ಕೂ ನೆಟ್ಟಳು. ಆಗಸ್ಟಿನಿಂದ ತಟ್ಟೆಯಗಲ ಹೂ. ಇದು ಮೂಲದಲ್ಲಿ ಮೆಕ್ಸಿಕೋದ ಗಿಡ, ಅಲ್ಲಿಯ ರಾಷ್ಟ್ರೀಯ ಹೂವು ಅಂತ ಹೇಳಿದರೆ, "ಅವರಿಗೆ ಗೆಡ್ಡೆ ಕೊಟ್ಟಿದ್ದು ಯಾರು?" ಅಂದಳು. ಊರಲ್ಲಿ ಗಿಡ ಒಣಗಿದ ಮೇಲೆ ಕಿತ್ತು ಮುಂದಿನ ಮಳೆವರೆಗೆ ಅಟ್ಟದ ಮೇಲಿಡುವುದು. ಇಲ್ಲಿ ಹಿಮ ಬಿದ್ದು ಗೆಡ್ಡೆ ಕೊಳೆಯಬಾರದು ಅಂತ ಕೀಳುವುದು. ಹಿಮ ಬೀಳುವವರೆಗೆ ತಾನು ಇರಲ್ಲವಲ್ಲ, ನನ್ನ ಮೇಲೆ ನಂಬಿಕೆಯೂ ಇಲ್ಲ, ಅದಕ್ಕೆ ನಿನ್ನೆಯೇ ಕಿತ್ತು ಗ್ಯಾರೇಜಿನಲ್ಲಿ ಹರಡಿದ್ದಾಳೆ. ಶನಿವಾರ ಊಟಕ್ಕೆ ಬಂದವರಿಗೆ ಒಂದೊಂದು ಗೆಡ್ಡೆ. ತಲೆ ಮೇಲಾಗಿ ನೆಡಬೇಕಂತೆ, ನೀರು ಜಾಸ್ತಿ ಹಾಕಬಾರದಂತೆ.

ಒಂದೊಂದನ್ನೂ ನಮ್ಮ ಪತ್ರಿಕೆಯ ಹಳೇ ಸಂಚಿಕೆಯಲ್ಲಿ ಸುತ್ತಿಡುತ್ತಿದ್ದಾಳೆ. ಹಂಚದೆ ಉಳಿದ ಯುಗಾದಿ ಸಂಚಿಕೆ ಪೂರ್ತಿ ಮುಗಿಯಿತು. ಇನ್ನೂ ಹದಿನೆಂಟು ಗೆಡ್ಡೆ ಬಾಕಿ. ಈಗಷ್ಟೇ ಬಾಗಿಲಲ್ಲಿ ತಲೆ ಹಾಕಿ, ಹೊಸ ಪೇಪರ್ ಯಾವಾಗ ಬರುತ್ತೆ ಅಂತ ಕೇಳಿ ಹೋದಳು.

ನಿಮ್ಮ ಸಂಪಾದಕಿ