ಶುಗರ್ ನೋಡುವ ಶಿಬಿರಗಳು ಇದನ್ನೂ ಕೇಳಲಿ

ಮಾನ್ಯ ಸಂಪಾದಕರೇ,

ಮುಂಬಯಿಯ ನಮ್ಮ ಕನ್ನಡ ಸಂಘಗಳು ಮತ್ತು ಸಮಾಜಗಳು ನಡೆಸುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳ ವರದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಬಿ.ಪಿ., ಶುಗರ್, ಕಣ್ಣು, ಹಲ್ಲು ಎಲ್ಲವನ್ನೂ ನೋಡುತ್ತಾರೆ. ನಲವತ್ತು ದಾಟಿದ ಗಂಡಸನ್ನು ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ದಾಂಪತ್ಯ ಸುಖದಲ್ಲಿ ತೊಂದರೆಯೇನಾದರೂ ಇದೆಯೇ?

ನಾನು ಡೊಂಬಿವಲಿಯಲ್ಲಿ ಔಷಧ ಅಂಗಡಿ ನಡೆಸುತ್ತೇನೆ. ಈ ಮಾತು ನನ್ನ ಕೌಂಟರಿಗೆ ಬರುವುದು ರಾತ್ರಿ ಹತ್ತರ ಮೇಲೆ, ಬೇರೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಮೊದಲು ಕೆಮ್ಮಿನ ಔಷಧವೋ ಬ್ಲೇಡೋ ಕೇಳುತ್ತಾರೆ, ಹಣ ಕೊಟ್ಟ ಮೇಲೆ ದನಿ ತಗ್ಗಿಸುತ್ತಾರೆ. ನಾನು ಊರಿನ ಕಡೆಯವನೆಂದು ಗೊತ್ತಾದರಂತೂ ಕೆಲವರು ಕೇಳದೆಯೇ ಹೊರಟುಬಿಡುತ್ತಾರೆ. ಹೋಟೆಲಿನ ಗಲ್ಲೆಯಲ್ಲಿ ದಿನವಿಡೀ ಕೂರುವವರು, ಲೋಕಲ್‌ನಲ್ಲಿ ನಿಂತೇ ಬರುವ ನೌಕರರು, ಎಲ್ಲರೂ ಮರ್ಯಾದಸ್ಥರು. ವೈದ್ಯರ ಚೀಟಿ ಇಲ್ಲದೆ ಕೊಡಲಾಗದು ಎಂದರೆ ಮುಖ ಸಪ್ಪಗಾಗುತ್ತದೆ. ವೈದ್ಯರ ಬಳಿ ಹೋಗಲು ನಾಚಿಕೆ. ರೈಲಿನ ಡಬ್ಬಿಯೊಳಗೆ ‘ಗುಪ್ತರೋಗ’ ಎಂದು ಅಂಟಿಸಿದ ಚೀಟಿಯ ನಂಬರಿಗೆ ಫೋನ್ ಮಾಡುತ್ತಾರೆ. ಇಂಥ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಗಿಡಮೂಲಿಕೆ ಎಂದು ಮಾರುವ ಕೆಲವು ಪುಡಿ, ಗುಳಿಗೆಗಳಲ್ಲಿ, ನಿಮಿರುವಿಕೆಯ ತೊಂದರೆಗೆ ವೈದ್ಯರು ಬರೆದುಕೊಡುವ ಸಿಲ್ಡೆನಾಫಿಲ್ ಎಂಬ ಔಷಧ ಬೆರೆಸಿದ್ದು ಪತ್ತೆಯಾಗಿದೆ. ಎದೆನೋವಿಗೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರು ಸಿಲ್ಡೆನಾಫಿಲ್ ಬೆರೆತ ಇಂಥ ಗುಳಿಗೆ ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ.

ನನ್ನ ಗಿರಾಕಿಯೊಬ್ಬರು ಕ್ಯಾಂಟೀನ್ ಗುತ್ತಿಗೆದಾರರು, ಐವತ್ತು ದಾಟಿದವರು. ಅವರ ಹೆಂಡತಿ, ಗಂಡನಿಗೆ ತನ್ನ ಮೇಲೆ ಮನಸ್ಸಿಲ್ಲವೆಂದು ಬಗೆದು ಮಗಳ ಕೋಣೆಗೆ ಹಾಸಿಗೆ ಒಯ್ದಿದ್ದರು. ಇವರು ಒಂದು ಮಾತೂ ಹೇಳಲಿಲ್ಲ. ಬಹಳ ಒತ್ತಾಯಿಸಿದ ಮೇಲೆ ಡಾಕ್ಟರಲ್ಲಿಗೆ ಹೋದರು. ಶುಗರ್ ವಿಪರೀತ ಏರಿತ್ತು, ಬಿ.ಪಿ. ಮಾತ್ರೆಯನ್ನೂ ಬದಲಿಸಬೇಕಾಯಿತು. ಶುಗರ್ ಹತೋಟಿಗೆ ಬಂದಂತೆ ತೊಂದರೆಯೂ ಇಳಿಯಿತು. ವಯಸ್ಸಾಯಿತಲ್ಲ, ಇನ್ನೇನು ಎಂದು ಕೈಚೆಲ್ಲಿದ್ದ ಮನುಷ್ಯ ಅವರು!

ಇದು ಬರೀ ಸುಖದ ಪ್ರಶ್ನೆಯೂ ಅಲ್ಲ. ಜನನಾಂಗದ ರಕ್ತನಾಳಗಳು ಒಂದೆರಡು ಮಿಲಿಮೀಟರಿನಷ್ಟು ಸಣ್ಣವು, ಹೃದಯದವು ಮೂರು ನಾಲ್ಕು ಮಿಲಿಮೀಟರ್. ಶುಗರ್, ಬಿ.ಪಿ., ತಂಬಾಕು, ಕೊಬ್ಬಿನಿಂದ ನಾಳಗಳು ಕೆಡತೊಡಗಿದರೆ ಸಣ್ಣ ನಾಳ ಮೊದಲು ಸೋಲುತ್ತದೆ. ಎಷ್ಟೋ ಜನರಲ್ಲಿ ನಿಮಿರುವಿಕೆಯ ತೊಂದರೆ ಹೃದಯರೋಗಕ್ಕಿಂತ ವರ್ಷಗಳ ಮೊದಲೇ ಕಾಣಿಸಿಕೊಳ್ಳುತ್ತದೆ. ಆ ಎಚ್ಚರಿಕೆಯನ್ನು ನಮ್ಮ ಗಂಡಸರು ದಿಂಬಿನಡಿ ಬಚ್ಚಿಡುತ್ತಿದ್ದಾರೆ. ನನಗೆ ಸಂಕಟವಾಗುವುದು ಅದಕ್ಕೇ.

ಇದೇ ಮುಂಬಯಿಯಲ್ಲಿ ರ.ಧೋಂ. ಕರ್ವೆ 1927ರಲ್ಲೇ ಲೈಂಗಿಕ ಆರೋಗ್ಯಕ್ಕಾಗಿ ಮರಾಠಿ ಮಾಸಿಕ ಆರಂಭಿಸಿದರು. 2020ರಲ್ಲಿ ತೀರಿಕೊಂಡ ಡಾ. ಮಹಿಂದರ್ ವತ್ಸ ತೊಂಬತ್ತು ದಾಟಿದ ಮೇಲೂ ಇಲ್ಲಿನ ಇಂಗ್ಲಿಷ್ ಪತ್ರಿಕೆಯಲ್ಲಿ ಓದುಗರ ಇಂಥ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಕನ್ನಡದಲ್ಲಿ ನೀವೇಕೆ ಒಂದು ಅಂಕಣ ಆರಂಭಿಸಬಾರದು? ಹೆಸರು ಹಾಕಬೇಕಾಗಿಲ್ಲ, ಉತ್ತರಿಸುವವರು ಮಾತ್ರ ಅರ್ಹ ವೈದ್ಯರಾಗಿರಲಿ.

ಸಂಘದ ಪದಾಧಿಕಾರಿಗಳಲ್ಲೂ ವಿನಂತಿ: ಮುಂದಿನ ಶಿಬಿರದ ಅರ್ಜಿಯಲ್ಲಿ ಈ ಒಂದು ಸಾಲು ಸೇರಿಸಿ, ಪರದೆ ಕಟ್ಟಿದ ಮೂಲೆಯಲ್ಲಿ ಒಬ್ಬ ವೈದ್ಯರನ್ನು ಕೂರಿಸಿ. ಪರದೆಯ ಖರ್ಚು, ಅರ್ಜಿ ಅಚ್ಚು ಹಾಕಿಸುವ ಖರ್ಚು ನನ್ನದು.

— ಔಷಧ ವ್ಯಾಪಾರಿ, ಡೊಂಬಿವಲಿ ಪೂರ್ವ